ಸುರಾಹಿ ಮ್ಯಾಲಿನ ಕ್ಯಾರವೆಲ್

ಸತುವಿನ ಪುಡಿ ಬಿದ್ದ ನನ್ನ ಮಣಿ ಮ್ಯಾಲೆ
ನೋಟ್‌ಬುಕ್ಕು ತೆರೆದಿಟ್ಟರು ಘಾಳೆಪ್ಪ ಕಾಕಾ.
ಬೇಗಂಪೇಟದಾಗ ಹನ್ನೊಂದು ವರ್ಷ
ಇಂಜಿನ್ನಿನ ಹೊಟ್ಟಿಯೊಳಗ ಕೈ ಇಟ್ಟ ಮನುಷ್ಯ.
ಉಗುರಿನ ಸಂದಿ ಕರಿ ಇನ್ನೂ ಹೋಗಿಲ್ಲ.
ನಂದೂ ಹಂಗೇ. ಅದಕ್ಕೇ ಏನೋ
ಶರಣಾರ್ಥಿ ಅನ್ನೋಕಿಂತ ಮೊದಲೇ ಮಾತು ಸುರುವಾಯ್ತು.

"ಈ ಇಮಾನ ಯಾರ್ಯಾರು ಹಾರಿಸಿದ್ರು, ಎಲ್ಲಾ ಬರದೀನಿ.
ಸುರಾಹಿ ಮ್ಯಾಲೆ ಬೇಕು. ಬೆಳ್ಳಿ ತಂತಿ."
ಇಮಾನ ಅಂದಕೂಡ್ಲೆ
ಮೂಲ್ಯಾಗ ಕುಂತ ದಸ್ತಗೀರ್ ಉಸ್ತಾದರು ತಲಿ ಎತ್ತಿದರು.
ಅವರ ಮಾತಿನಾಗ ಅದು ನಂಬಿಕಿ.
"ಅದೂ ಹಾರತದ ಬೇಟಿ," ಅಂದು ಮತ್ತ ಉಳಿ ಹಿಡದರು.

ಮೊದಲ ಪುಟ ಫ್ರಾನ್ಸು, ಹಡೆದವರು.
ಆಮೇಲೆ ಮೂರು ಚಳಿ ದೇಶ ಕೂಡಿ ಒಂದೇ ಕಂಪನಿ
(ಇಲ್ಲಿ ಅಣ್ಣತಮ್ಮಂದಿರು ಕೂಡಿ ಒಂದು ಭಾವಿ ನಡಸಾಂಗಿಲ್ಲ).
ಫಿನ್ಲೆಂಡು, ಬ್ರೆಜಿಲ್ಲು, ಮೊರಾಕ್ಕೊ,
ಬಾಲದ ಮ್ಯಾಲೆ ದೇವದಾರು ಬರಕೊಂಡ ಬೈರೂತದವರು,
ಥಾಯಿ ಮಂದಿ,
ನಡುವ ಎಲ್ಲೋ, ಹಾಳಿ ಹರಿಯೋಹಂಗ ಒತ್ತಿ: ನಾವು.

ದಂಡಿನವರದು ಬ್ಯಾರೆ ಪುಟ.
ಅರ್ಜೆಂಟೀನಾ. ಫ್ರಾನ್ಸು ಮತ್ತೊಮ್ಮೆ.
ಸ್ವೀಡನ್ನಿನ ವಾಯುಪಡೆಗೆ ಎರಡು:
"ಮಂದೀ ಕೂಡಸಲಿಕ್ಕಲ್ಲವಾ. ಕೇಳಲಿಕ್ಕೆ.
ಮುಗಲಾಗ ಅಡ್ಡಾಡಕೋತ
ನೆರೆಮನೀ ಮಾತಿಗೆ ಕಿವಿ ಕೊಡೋದು."
ನಮ್ಮ ಓಣಿ ಇಂದಿರಾಬಾಯಿ ನೆನಪಾದಳು.
ಆಕಿಗೆ ಇಮಾನದ ಖರ್ಚಿಲ್ಲ.

"ಅಕ್ಷರ ಭಾಳ ಬೆಳ್ಳಿ ತಿಂತಾವ ಕಾಕಾ," ಅಂದೆ.
"ಕಂಪನಿಗೊಂದು ಹಕ್ಕಿ. ದಂಡಿಗೊಂದು ಚಕ್ಕರ."
ಒಪ್ಪಿದರು. ರೊಕ್ಕಕ್ಕೂ ಚೌಕಾಸಿ ಇಲ್ಲ.
ಜಗಳಾದದ್ದು ಕಿಡಕಿಗೆ.

ದುಂಡಗ ಕೊರದಿದ್ದೆ, ಎಲ್ಲಾ ಇಮಾನದ್ದೂ ಹಂಗೇ ಇರತಾವಂತ.
ಇಳಿಬಿದ್ದ ಚಾಳೀಸಿನ ಮ್ಯಾಲಿಂದ ನೋಡಿ
"ಕೀಳು," ಅಂದರು, "ಇದರದ್ದು ಮೂರು ಮೂಲಿ.
ಮ್ಯಾಲೆ ಸಣ್ಣ, ಕೆಳಗ ಅಗಲ, ಮೂಲಿ ಮೊಂಡ."
ಅಂದ್ರ ನಮ್ಮ ಗ್ವಾಡಿಯೊಳಗಿನ ದೀಪದ ಮಾಡ.
ಅಷ್ಟು ಹೇಳಿದ್ರ ಸಾಕಿತ್ತು.
ಚಿಮಟದಿಂದ ಒಂದೊಂದೇ ತಂತಿ ಕಿತ್ತೆ,
ಒಂದೊಂದೇ ಮಾಡ ಕಟ್ಟಿದೆ,
ಹಬಸೀಕೋಟ ದಾಟಿ ಕಲಿಯೋ ಹುಡುಗೂರ ಜೆಟ್ಟು
ತಲಿಮ್ಯಾಲೆ ಹರಕೊಂಡು ಹೋದಾಗೆಲ್ಲ
ಸುತ್ತಿಗಿ ತಡದು.

"ನೀವು ಕುಂತೀರೇನು ಅದರಾಗ?"
"ಒಮ್ಮೆ. ಮದ್ರಾಸಿಗೆ.
ತೊಡಿಮ್ಯಾಲೆ ಸಾಮಾನಿನ ಪೆಟಗಿ.
ಬಾಜೂಕೇ ಕಿಡಕಿ ಇತ್ತು. ನೋಡಲಿಲ್ಲ.
ಹಿಂದ ಎರಡು ಇಂಜಿನ್ನು, ಕೇಳಕೋತ ಕುಂತೆ.
ಬಲಗಡೇದು ನಾನ ಕಟ್ಟಿದ್ದು."
ಮತ್ತ ಕೇಳಲಿಲ್ಲ ನಾ. ಮ್ಯಾಲಿಂದ ಏನು ಕಾಣತಿತ್ತೋ,
ಕೃಷ್ಣೆಯೋ, ಕೆರಿಗೋಳೋ, ಬರೇ ಮಾಡವೋ.

ಕಡೀ ದಿನ ಕಿಲ್ಲೇದ ಮಣ್ಣು ಕಾಸಿದೆ.
ಬಿಸಲು ಮಳಿ ಕಾಣದ, ಹಳೇ ಗ್ವಾಡಿ ಹೊಟ್ಟಿಯ ಮಣ್ಣು.
ನಾಲಿಗಿಗೆ ಹಚ್ಚಿ ನೋಡಿದ್ದಕ್ಕ ಕಾಕಾ ನಕ್ಕರು:
"ನಾವು ಸೀಮೆಎಣ್ಣಿ ಮೂಸತಿದ್ವಿ."
ನವಸಾಗರದ ನೀರು ಕುದೀತು.
ಸುರಾಹಿ ಮುಳಗಿಸಿ ತಗದೆ.

ಸತು ಕರ್ರಗಾಯ್ತು, ಬೆಳ್ಳಿ ಬೆಳ್ಳಗುಳೀತು.
ಇದು ಹೊಸದಲ್ಲ, ದಿನಾ ನೋಡತೀನಿ.
ಆದ್ರ ಆವತ್ತು
ಬಾಗಲಾ ಮುಚ್ಚಿದ ಕಂಪನಿಗೋಳ ಹಕ್ಕಿ,
ಬಣ್ಣ ಬದಲಾದ ದಂಡಿನ ಚಕ್ಕರ,
ನಡುವ ಸಾಲಾಗಿ ದೀಪದ ಮಾಡ
ಕತ್ತಲಾಗಿಂದ ಎದ್ದು ಬಂದಾಗ
ಉಸ್ತಾದರೂ ಎದ್ದು ಬಂದರು.

ಹಕ್ಕಿ ಎಣಸತಾರೇನೋ ಅಂದ್ಕೊಂಡೆ. ಇಲ್ಲ.
ಎರಡೂ ಕೈಯಿಂದ ಎತ್ತಿ
ಸುರಾಹಿ ಬಾಯಿ ಕಿವಿಗೆ ಹಚ್ಚಿದರು.
ಖಾಲಿ ಲೋಹ; ಗುಂಯ್ ಅಂತಿತ್ತು.
ಭಾಳ ಹೊತ್ತು ಕಣ್ಣು ಮುಚ್ಚಿ ಕೇಳಿ,
"ಬಲಗಡೇದು ಸ್ವಲ್ಪ ಒರಟದ," ಅಂದರು.